ಮೊದಲ ಸಾಲಿನ ಅಜ್ಜಿ

ಜಯಶೀಲ ಚರ್ಚಿನಲ್ಲಿ ಹಾಡಿದರೆ ಇಡೀ ಸಭೆ ಕೈಯೆತ್ತಿ ಅಳುತ್ತಿತ್ತು. ಹನ್ನೆರಡು ವರ್ಷ ಆರಾಧನೆ ನಡೆಸಿದ ಅವನಿಗೆ ಮಾತ್ರ ದೇವರು ಒಮ್ಮೆಯೂ ಸಿಕ್ಕಿರಲಿಲ್ಲ. ಕೀಬೋರ್ಡ್ ನಿಂತ ಮೇಲೆ ಮೊಣಕಾಲೂರಿದರೆ ಒಳಗೆಲ್ಲ ಬಟಾಬಯಲು. ಮೊದಲ ಸಾಲಿನಲ್ಲಿ ಪ್ರತಿ ಭಾನುವಾರ ಬಿಕ್ಕುತ್ತಿದ್ದ ಅಜ್ಜಿಯೊಬ್ಬಳನ್ನು ನೋಡಿ, ‘ಇವಳಿಗಾದರೂ ಸಿಕ್ಕನಲ್ಲ’ ಎಂದುಕೊಂಡೇ ಹೇಗೋ ಹಾಡು ಮುಗಿಸುತ್ತಿದ್ದ.

ಈ ಭಾನುವಾರ ತಡೆಯಲಾರದೆ ಅವಳ ಕಾಲಬಳಿ ಕುಸಿದ. “ಅಜ್ಜೀ, ನನ್ನ ಹಾಡಲ್ಲಿ ನಿಮಗೆ ದೇವರು ಹೇಗೆ ಸಿಗ್ತಾನೆ? ನನಗೂ ಹೇಳಿಕೊಡಿ.”

“ಅಜ್ಜಿಗೆ ಕಿವಿ ಕೇಳಲ್ಲ ಬ್ರದರ್, ಆರು ವರ್ಷ ಆಯ್ತು,” ಎಂದಳು ಪಕ್ಕದಲ್ಲಿದ್ದ ಮೊಮ್ಮಗಳು.

“ಮತ್ತೆ... ಅಳೋದು ಯಾಕೆ?”

ಮೊಮ್ಮಗಳು ಕೈಸನ್ನೆಯಲ್ಲಿ ಕೇಳಿದಳು. ಅಜ್ಜಿ ಅವನ ಗಲ್ಲ ಹಿಡಿದಳು.

“ನಿನ್ನ ಮುಖ ನೋಡಿ ಕಣಪ್ಪ. ಈ ಮಗೂಗೆ ಒಂದ್ಸಲನಾದ್ರೂ ಸಿಗು ಕರ್ತನೇ ಅಂತ ಬೇಡ್ಕೊಳ್ತೀನಿ.”