ಡೂಲನ್ ಹಿಡಿದ ಚೆಂಡು

ಚೆಂಡು ಅಂಗೈಯಲ್ಲೇ ಇತ್ತು. ಇದು ಹೇಗಾಯಿತೆಂದು ಕಾರ್ನಿ ಡೂಲನ್‌ಗೆ ತಿಳಿಯಲೇ ಇಲ್ಲ. ಕೈಬಿಡಬೇಕೆಂದೇ ಅವನು ಹೊರಟಿದ್ದ ಚೆಂಡು ಅದು. ಬೇಕೆಂದೇ ತಡವಾಗಿ ಓಡಿದ್ದ. ನೋಡುವವರಿಗೆ ಅನುಮಾನ ಬಾರದಿರಲೆಂದು ಮುಗ್ಗರಿಸಿದವನ ಹಾಗೆ ನೆಲಕ್ಕೆ ಹಾರಿಯೂ ಇದ್ದ. ಹಾಳು ಕೈ! ಇಷ್ಟು ವರ್ಷದ ರೂಢಿ, ಯಜಮಾನನನ್ನು ಕೇಳದೆ ತಾನೇ ಮುಂದೆ ಚಾಚಿ ಗಪ್ಪನೆ ಹಿಡಿದುಬಿಟ್ಟಿತ್ತು. ಕೈಗವಸು ಹಾಕಿದವನನ್ನು ಹೆಂಗಸೆಂದು ನಗುತ್ತಿದ್ದ ಕಾಲ. ಬರಿಗೈ ಬೆಂಕಿ ತಾಗಿದಂತೆ ಉರಿಯುತ್ತಿತ್ತು. ಸುತ್ತ ಎದ್ದ ಕಲ್ಲಿದ್ದಲ ಧೂಳಿನಲ್ಲಿ ಯಾರಿಗೂ ಏನೂ ಕಂಡಿರಲಿಲ್ಲ.

ಬೇಸ್‌ಬಾಲ್ ಋತುವಿನ ಕೊನೆಯ ಪಂದ್ಯ. ಡೂಲನ್ ಆಡುವ ಊರಿನ ತಂಡ ಒಂದೇ ಒಂದು ಓಟ ಮುಂದಿತ್ತು. ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದಿದ್ದರೆ ಆಟ ಅಲ್ಲಿಗೇ ಮುಗಿದು ಗೆಲುವು. ನೆಲಕ್ಕೆ ತಾಗಿದ್ದರೆ ಸೋಲು, ಏಕೆಂದರೆ ಎದುರಾಳಿಗಳಲ್ಲಿ ಇಬ್ಬರು ಆಗಲೇ ಸುತ್ತು ಮುಗಿಸಿ ಕುಣಿಯುತ್ತಿದ್ದರು. ಆ ಸೋಲಿಗೆಂದೇ ಬಾಜಿ ಕಟ್ಟಿಸುವ ಪ್ರೂಡನ್ ಅವನಿಗೆ ಗುಟ್ಟಾಗಿ ನೂರು ಡಾಲರ್ ಕೊಡುತ್ತೇನೆಂದಿದ್ದ. ತಂಡದ ಒಡೆಯ ಲಾಕ್‌ವುಡ್ ಸಾಹೇಬನೋ, ಮಣ್ಣಾದ ಅಂಗಿ ಒಗೆಸಿದ್ದನ್ನೂ ಸಂಬಳದಲ್ಲಿ ಮುರಿದುಕೊಳ್ಳುವ ಪುಣ್ಯಾತ್ಮ. ಅವನು ಕೊಡುವುದರಲ್ಲಿ ಹೊಟ್ಟೆ ತುಂಬಿದರೆ ಬಟ್ಟೆಗಿಲ್ಲ. ಚಳಿಗಾಲ ಬಂತೆಂದರೆ ಅದೂ ಇಲ್ಲ, ಮತ್ತೆ ಗಣಿಗೆ ಇಳಿಯಬೇಕು. ಅಪ್ಪ ಆ ಗಣಿಯಲ್ಲೇ ಕೆಮ್ಮಿ ಕೆಮ್ಮಿ ಸತ್ತಿದ್ದ. ಮಂಜುಗಡ್ಡೆ ಮಾರುತ್ತಿದ್ದವನ ವಿಧವೆ ಕುದುರೆಗಾಡಿ ಮಾರಲು ಕೂತಿದ್ದಳು. ಅದೊಂದು ಕೈಸೇರಿದರೆ ಮತ್ತೆ ಆ ಕತ್ತಲಿಗೆ ಕಾಲಿಡುವುದಿಲ್ಲವೆಂದು ಡೂಲನ್ ಹೆಂಡತಿಗೆ ಮಾತು ಕೊಟ್ಟಿದ್ದ.

ಎತ್ತರದ ಟೊಪ್ಪಿ ತಲೆಯ ಮೇಲೆ ಹಿಡಿದುಕೊಂಡು ಅಂಪೈರ್ ಹಡ್‌ಸ್ಪೆತ್ ಏದುಸಿರು ಬಿಡುತ್ತ ಬಂದ. ಇಡೀ ಮೈದಾನಕ್ಕೆ ಅವನೊಬ್ಬನೇ ಅಂಪೈರ್. ತನ್ನ ಕಣ್ಣಿಗೆ ಕಾಣದ್ದನ್ನು ಆಟಗಾರನ ಬಾಯಿಂದಲೇ ಕೇಳುವುದು ಪದ್ಧತಿ.

"ನಂಗೇನೂ ಕಾಣ್ಲಿಲ್ಲ ಕಣಯ್ಯಾ. ನಿನ್ನ ಮಾತೇ ಕೊನೇ ಮಾತು. ಹಿಡಿದ್ಯೋ, ನೆಲಕ್ಕೆ ತಾಗಿತ್ತೋ?"

ಜನ್ಮದಲ್ಲಿ ಇಂಥ ಚೆಂಡು ಡೂಲನ್ ಹಿಡಿದವನಲ್ಲ, ಇನ್ನು ಹಿಡಿಯುವುದೂ ಇಲ್ಲ. ಹಿಡಿದೆ ಎಂದು ಕೂಗಿಬಿಡಬೇಕೆಂದು ಮನಸ್ಸು ಹಾತೊರೆಯುತ್ತಿತ್ತು. ಕಣ್ಣ ಮುಂದೆ ಕುದುರೆಗಾಡಿ ಬಂದು ನಿಂತಿತು.

"ತಾಗಿತ್ತು ಸಾರ್. ನೆಲಕ್ಕೆ ತಾಗೇ ಕೈಗೆ ಬಂದಿದ್ದು."

ಈಗ ಕಲ್ಲು ಬೀಳುತ್ತದೆಂದು ಅವನು ತಲೆ ತಗ್ಗಿಸಿದ. ಬಿದ್ದದ್ದು ಚಪ್ಪಾಳೆ! ಒಬ್ಬ ಎದ್ದ, ಹತ್ತು ಜನ ಎದ್ದರು, ಸೋತ ಊರಿಗೆ ಊರೇ ಎದ್ದು ನಿಂತಿತು. "ಗಂಡಸು ಅಂದ್ರೆ ಇವ್ನು! ಸೋತ್ರೂ ಸುಳ್ಳು ಹೇಳ್ಲಿಲ್ಲ ನೋಡ್ರೋ!" ಡೂಲನ್ ಕಕ್ಕಾಬಿಕ್ಕಿಯಾಗಿ ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗಾದರೂ ಹೇಳುತ್ತಿದ್ದಾರೇನೋ ಎಂದು. ಲಾಕ್‌ವುಡ್ ಸಾಹೇಬ ಎಲ್ಲರೆದುರು ಬೆನ್ನು ತಟ್ಟಿದ. ಆಮೇಲೆ ಕಿವಿಯ ಹತ್ತಿರ ಬಗ್ಗಿ, "ಅಂಗಿ ಪೂರ್ತಿ ಮಣ್ಣಾಗಿದೆಯಲ್ಲಯ್ಯಾ, ಒಗೆಸಿದ್ದಕ್ಕೆ ಹಿಡ್ಕೊಳ್ತೀನಿ" ಎಂದ.

ಪ್ರೂಡನ್ ಟಿಕೆಟ್ ಕಟ್ಟೆಯ ಹಿಂದೆ ಹಲ್ಲುಕಡ್ಡಿ ಕಚ್ಚಿಕೊಂಡು ನಿಂತಿದ್ದ. ಡೂಲನ್ ಕೈ ಚಾಚಿದ.

"ಏನಿದು?" ಎಂದ ಪ್ರೂಡನ್.

"ಒಪ್ಕೊಂಡಿದ್ದ ದುಡ್ಡು ಸಾರ್."

"ಯಾವ್ದಕ್ಕೆ? ಪ್ರಾಣದ ಹಂಗು ಬಿಟ್ಟು ಹಿಡಿಯೋಕೆ ಹಾರಿದ್ಯಲ್ಲ, ಅದಕ್ಕಾ? ಭೂಮಿತಾಯಿ ಅಡ್ಡ ಬರದಿದ್ರೆ ನನ್ನ ಮನೆ ಹಾಳು ಮಾಡಿರ್ತಿದ್ದೆ. ಚೆಂಡು ತಾನಾಗೇ ನೆಲಕ್ಕೆ ಬಿತ್ತು, ನೀನು ಬಾಯಿ ಬಿಟ್ಟು ನಿಜ ಹೇಳ್ದೆ. ನಿಜ ಹೇಳೋಕೂ ನಾನು ದುಡ್ಡು ಕೊಡ್ಬೇಕೇನಯ್ಯಾ?"

"ನಿಜ ಅಲ್ಲ ಸಾರ್! ಹಿಡಿದಿದ್ದೆ! ಮಾತೆ ಮೇರಿಯಾಣೆ, ಹಿಡಿದಿದ್ದೆ! ನೋಡಿ, ಅಂಗೈ ನೋಡಿ." ಅಂಗೈ ನಡುವೆ ಚೆಂಡಿನ ಹೊಲಿಗೆಯ ಗುರುತು ಕೆಂಪಗೆ ಎದ್ದಿತ್ತು.

ಪ್ರೂಡನ್ ಬಗ್ಗಿ ನೋಡಿದ. ನಕ್ಕ. "ನೆಲಕ್ಕೆ ತಾಗಿ ಬಂದ ಚೆಂಡೂ ಹಿಂಗೇ ಹೊಡೆಯುತ್ತೆ. ಹೋಗು, ಹಡ್‌ಸ್ಪೆತ್ ಹತ್ರ ಹೋಗಿ ಹಿಡಿದಿದ್ದೆ ಅಂತ ಹೇಳು. ಅವ್ನು ಒಪ್ಪಿದ ಗಳಿಗೇಲಿ ನಿನಗೆ ನೂರು."

ಹೇಳಿದರೆ ತಂಡ ಗೆಲ್ಲುತ್ತದೆ, ಬಾಜಿ ಸೋತ ಇವನು ಕೊಡುವುದಿಲ್ಲ. ಹೇಳದಿದ್ದರೂ ಕೊಡುವುದಿಲ್ಲ. ಡೂಲನ್ ಲೆಕ್ಕವನ್ನು ಹಿಂದೆ ಮುಂದೆ ತಿರುವಿದ, ಎತ್ತಲಿಂದಲೂ ಹಿಡಿ ಸಿಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆನ್ನುತ್ತಾರಲ್ಲ, ಆ ತುತ್ತನ್ನು ತಾನೇ ಇಲ್ಲವೆಂದಿದ್ದ. ನಡೆಯುತ್ತ ನಡೆಯುತ್ತ ಅವನಿಗೇ ಅನುಮಾನ ಹತ್ತಿತು. ಅಷ್ಟೊಂದು ಜನ ಹೇಳುತ್ತಿದ್ದಾರೆ. ನಿಜಕ್ಕೂ ತಾಗಿತ್ತೇ?

ಮೈದಾನದ ಬಾಗಿಲ ಬಳಿ ಜನ ಅವನಿಗಾಗಿ ಕಾದಿದ್ದರು. ಅವರನ್ನು ಸರಿಸಿಕೊಂಡು ಗಣಿಯ ಮೇಸ್ತ್ರಿ ಮುಂದೆ ಬಂದ, ಕಣ್ಣಲ್ಲಿ ನೀರು.

"ನಿಮ್ಮಪ್ಪ ಇದ್ದಿದ್ರೆ ಎಷ್ಟು ಹೆಮ್ಮೆ ಪಡ್ತಿದ್ನೋ ಮಗಾ! ನಿನ್ನಂಥ ಸತ್ಯವಂತನಿಗೆ ನಮ್ಮಲ್ಲಿ ಯಾವತ್ತೂ ಜಾಗ ಇದೆ. ಸೋಮವಾರ ಬೆಳಿಗ್ಗೆ ಬಂದುಬಿಡು" ಎಂದು, ಆ ಉರಿಯುವ ಅಂಗೈಯನ್ನೇ ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಅಮುಕಿದ.