ಹತ್ತು ನಂಬರಿನ ಸಾಕೆಟ್

ಕೈ ಮಣಿಕಟ್ಟಿನವರೆಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ಲೆಕ್ಕದಣ್ಣ ತೆರೆದ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿ, ಉಸಿರು ಬಿಗಿಹಿಡಿದು ಇನ್ನೊಂದಿಷ್ಟು ನೂಕಿದ. ಮುಂಗೈ ತರಚಿತೇ ಹೊರತು ಬೆರಳು ಮುಂದೆ ಹೋಗಲಿಲ್ಲ. ಕಾರು ಬಿಸಿಯಾದೊಡನೆ ನಡುದಾರಿಯಲ್ಲಿ ನಿಂತುಬಿಡುತ್ತಿದ್ದುದು ಆ ಒಂದು ಸೆನ್ಸರಿನಿಂದ. ಅದೋ, ಎಂಜಿನ್ನಿನ ಬೆನ್ನ ಹಿಂದೆ, ತಗಡಿನ ಗೋಡೆಗೆ ಒತ್ತಿಕೊಂಡು ಕೂತಿತ್ತು. ಫೋನಿನ ಕ್ಯಾಮೆರಾ ಇಳಿಸಿದರೆ ಕಾಣುತ್ತದೆ, ಮುಟ್ಟಲು ಹೋದರೆ ಸಿಗುವುದಿಲ್ಲ. ಒಂದು ಬೋಲ್ಟು, ಒಂದು ವೈರಿನ ಕ್ಲಿಪ್ಪು, ಅಷ್ಟೇ ಕೆಲಸ. ಇದನ್ನು ಇಲ್ಲಿ ಕೂರಿಸಿದ ಪುಣ್ಯಾತ್ಮ ಒಮ್ಮೆಯಾದರೂ ಬಿಚ್ಚಿ ನೋಡಿರಲಿಕ್ಕಿಲ್ಲ ಎಂದು ಲೆಕ್ಕದಣ್ಣ ಅವನ ಇಡೀ ವಂಶವನ್ನು ಗಟ್ಟಿಯಾಗಿ ನೆನೆದ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಒಳಗೆ ಟೀವಿ ತನ್ನ ಪಾಡಿಗೆ ಮಾತಾಡುತ್ತಿತ್ತು. ಮನೆಯಲ್ಲಿ ಮನುಷ್ಯರ ದನಿ ಇರಲಿ ಎಂದು ಎದ್ದ ಕೂಡಲೇ ಅದನ್ನು ಹಾಕಿಬಿಡುವುದು ಅವನಿಗೆ ರೂಢಿಯಾಗಿತ್ತು.

ಈ ಕೆಲಸಕ್ಕೆ ಹೇಳಿ ಮಾಡಿಸಿದ ಕೈ ಎದುರು ಮನೆಯಲ್ಲೇ ಇತ್ತು. ಭಾಮೈದ ವಾಚು ರಿಪೇರಿಯವನು. ತೆಳ್ಳನೆಯ ಕೈ, ಬೆರಳ ತುದಿಯಲ್ಲೇ ಕಣ್ಣು. ಅಕ್ಕ ತೀರಿಕೊಂಡ ಮೇಲೂ ಅವನು ಭಾನುವಾರದ ಗಾಡಿ ರಿಪೇರಿ ತಪ್ಪಿಸಿದವನಲ್ಲ. ಭಾವ ಟಾರ್ಚು ಹಿಡಿಯುವುದು, ಭಾಮೈದ ಕೈ ತೂರಿಸುವುದು, ಬೈಗುಳ ಮಾತ್ರ ಇಬ್ಬರದೂ. ಅವನ ಬಾಯಲ್ಲಿ ವಾಚು ತರುವವರೆಲ್ಲ ಸಾರ್, ಇವನೊಬ್ಬನೇ ಭಾವ.

ಎರಡು ವರ್ಷದ ಹಿಂದೆ ಅಂಥದೇ ಒಂದು ಭಾನುವಾರ ಸಲಕರಣೆ ಪೆಟ್ಟಿಗೆಯಿಂದ ಬೋಲ್ಟು ಬಿಗಿಯುವ ಹತ್ತು ನಂಬರಿನ ಸಾಕೆಟ್ ಕಾಣೆಯಾಯಿತು. ಲೆಕ್ಕದಣ್ಣನದು ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಸಲಕರಣೆಗಳನ್ನು ಎಣಿಸಿ, ಒರೆಸಿ, ಎತ್ತಿಡುವ ಕೆಲಸ; ಆ ಹೆಸರು ಬಂದದ್ದೇ ಅದರಿಂದ. ಅವನಿದ್ದಷ್ಟು ದಿನ ಯಾವ ರೋಗಿಯ ಹೊಟ್ಟೆಯಲ್ಲೂ ಕತ್ತರಿ ಉಳಿದದ್ದಿಲ್ಲ. ಅಂಥವನ ಪೆಟ್ಟಿಗೆಯಿಂದಲೇ ಸಾಮಾನು ಮಾಯವಾಗುವುದೆಂದರೆ ಹೇಗೆ? "ಸಣ್ಣ ಸಾಮಾನು ಹಿಡಿದು ಅಭ್ಯಾಸ ಆದ ಕೈಗೆ ಸಣ್ಣ ಸಾಮಾನು ಅಂಟ್ಕೊಂಡು ಹೋಗುತ್ತೆ," ಎಂದುಬಿಟ್ಟ. ಹತ್ತು ಜನರ ವಾಚು ನಂಬಿಕೆಯ ಮೇಲೆ ಇಟ್ಟುಕೊಂಡವನಿಗೆ ಆಡುವ ಮಾತೇ ಅದು? ಭಾಮೈದ ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸಿ ಹೊರಟುಹೋದ. ಪೆಟ್ಟಿಗೆಯಲ್ಲಿ ಆ ಸಾಕೆಟ್ಟಿನ ಗುಣಿ ಹಠಕ್ಕೆ ಬಿದ್ದಂತೆ ಖಾಲಿಯೇ ಉಳಿಯಿತು. ಅಂದಿನಿಂದ ಲೆಕ್ಕದಣ್ಣನನ್ನು ಭಾವ ಎನ್ನುವವರೂ ಇಲ್ಲ.

ಕೈ ಹೊರಗೆಳೆದು ಮತ್ತೆ ಕ್ಯಾಮೆರಾ ಇಳಿಸಿದಾಗ ಸೆನ್ಸರಿನ ಪಕ್ಕದ ಅಂಚಿನಲ್ಲಿ ಏನೋ ಗುಂಡಗೆ ಕಂಡಿತು. ಅಯಸ್ಕಾಂತದ ಕಡ್ಡಿ ಬಿಟ್ಟು ಎಳೆದ. ಎಣ್ಣೆ, ಧೂಳು ಮೆತ್ತಿಕೊಂಡು ಹತ್ತು ನಂಬರಿನ ಸಾಕೆಟ್ ಮೇಲೆ ಬಂತು. ಅಂದು ಇದೇ ಸಾಕೆಟ್ಟಿನಿಂದ ಮೇಲಿನ ಬೋಲ್ಟುಗಳನ್ನು ಬಿಗಿದವನು ತಾನೇ ಎಂಬುದು ಈಗ ನೆನಪಾಯಿತು. ಅವನು ನೆನಪಿಸಿಕೊಳ್ಳುತ್ತ ನಿಂತಿದ್ದಷ್ಟು ಹೊತ್ತೂ ಕೈಗಳು ತಮ್ಮ ಪಾಡಿಗೆ ಪೆಟ್ರೋಲ್ ಬಟ್ಟೆಯಿಂದ ಅದನ್ನು ಒಳಗೂ ಹೊರಗೂ ಒರೆಸುತ್ತಿದ್ದವು.

ಗೇಟಿನವರೆಗೆ ನಡೆದ. ತಪ್ಪಾಯ್ತು ಕಣೋ ಎಂದರೆ ಮುಗಿಯಿತು. ಆ ಎರಡು ಮಾತು ಗಂಟಲಿನಲ್ಲೇ ಕೂತವು, ಸೆನ್ಸರಿಗಿಂತ ಹಟಮಾರಿಗಳು. ಆಗ ಒಂದು ಉಪಾಯ ಹೊಳೆಯಿತು. ಸಾಕೆಟ್ ಭಾಮೈದನ ಕೈಗೇ ಸಿಕ್ಕರೆ? ಅಯ್ಯೋ ಇಲ್ಲೇ ಇತ್ತಲ್ಲ ಎಂದು ಇಬ್ಬರೂ ನಕ್ಕುಬಿಡಬಹುದು, ಯಾರೂ ಯಾರಲ್ಲೂ ಕ್ಷಮೆ ಕೇಳಬೇಕಾಗಿಲ್ಲ. ವಾಪಸು ಬಂದು ಅದನ್ನು ಅದೇ ಸಂದಿಗೆ ಮೆಲ್ಲಗೆ ಜಾರಿಸಿದ. ಟಣ್ ಎಂದು ಹೋಗಿ ಕೂತಿತು.

ಎದುರು ಮನೆಯ ಬಾಗಿಲಲ್ಲಿ ನಿಂತು, ಕಾರು ಕೆಟ್ಟಿದೆ, ಕೈ ಹೋಗುತ್ತಿಲ್ಲ ಎಂದಷ್ಟೇ ಹೇಳಿದ. ಭಾಮೈದ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ಹಣೆಗೇರಿಸಿ ಅವನ ತರಚಿದ ಮುಂಗೈಯನ್ನು ಸ್ವಲ್ಪ ಹೊತ್ತು ನೋಡಿದ.

"ಟಾರ್ಚ್ ಇದೆಯಾ ಭಾವ?"

ಲೆಕ್ಕದಣ್ಣ ಟಾರ್ಚು ತರಲು ಮುಂದೆ ಓಡಿದ.

ಆ ಕೈ ಸಂದಿಯೊಳಗೆ ತನ್ನ ಮನೆಗೆ ಹೋದಷ್ಟು ಸಲೀಸಾಗಿ ಹೋಯಿತು. ಕ್ಲಿಪ್ಪು ಟಕ್ಕೆಂದಿತು, ಸ್ಪಾನರಿಗೆ ಬೋಲ್ಟು ಸಡಿಲವಾಯಿತು, ಹಳೆಯದು ಹೊರಗೆ, ಹೊಸದು ಒಳಗೆ. ಇದನ್ನು ಇಲ್ಲಿಟ್ಟವನನ್ನು ತನ್ನ ಅಂಗಡಿಯಲ್ಲಿ ಒಂದು ವಾರ ಕೂರಿಸಬೇಕು ಎಂದು ಭಾಮೈದ ಗೊಣಗಿದ. ಲೆಕ್ಕದಣ್ಣ ಅಗತ್ಯಕ್ಕಿಂತ ಜಾಸ್ತಿ ನಕ್ಕ. ಎರಡು ವರ್ಷದ ನಗು ಒಟ್ಟಿಗೆ ಬಂದಿತ್ತು. ಟೀವಿ ಆರಿಸಿ ಬರಬೇಕಿತ್ತು ಅನ್ನಿಸಿತು. ಆಮೇಲೆ ಟಾರ್ಚನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿ, ಅಲ್ಲೇನೋ ಇದ್ದಂಗಿದೆ ನೋಡು ಎಂದ.

ಕೈ ಹೊರಬಂದಾಗ ಬೆರಳುಗಳ ನಡುವೆ ಸಾಕೆಟ್ ಇತ್ತು. "ಅಯ್ಯೋ, ಇಷ್ಟು ದಿನ ಇಲ್ಲೇ ಬಿದ್ದಿತ್ತಾ?" ಎಂದ ಲೆಕ್ಕದಣ್ಣ, ಮನಸ್ಸಿನಲ್ಲಿ ಹೇಳಿಕೊಂಡಿದ್ದಂತೆಯೇ.

ಭಾಮೈದ ಭೂತಗನ್ನಡಿಯನ್ನು ಕಣ್ಣಿಗಿಳಿಸಿಕೊಂಡ. ಗಿರಾಕಿ ತಂದ ವಾಚನ್ನು ನೋಡುವಂತೆ ಸಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ಮಸಿ ಹಿಡಿದ ತನ್ನ ಬೆರಳುಗಳನ್ನು ನೋಡಿಕೊಂಡ. ಲೆಕ್ಕದಣ್ಣನ ಹೆಗಲ ಮೇಲಿದ್ದ ಪೆಟ್ರೋಲ್ ಬಟ್ಟೆಯನ್ನು ನೋಡಿದ. ಪೆಟ್ಟಿಗೆಯ ಖಾಲಿ ಗುಣಿಯಲ್ಲಿ ಅದನ್ನು ಕೂರಿಸಿ, ನಲ್ಲಿಯಲ್ಲಿ ನಿಧಾನವಾಗಿ ಕೈ ತೊಳೆದು, ಗಾಡಿ ಇನ್ನು ನಿಲ್ಲುವುದಿಲ್ಲ ಎಂದು ಹೇಳಿ ಗೇಟು ದಾಟಿದ. ರಸ್ತೆಯಿಂದ ಒಮ್ಮೆ ಹಿಂತಿರುಗಿದ.

"ಎರಡು ವರ್ಷ ಎಂಜಿನ್ ಒಳಗೆ ಬಿದ್ದಿದ್ದ ಸಾಮಾನು ಹಿಂಗೆ ಹೊಳೆಯಲ್ಲ, ಸಾರ್."