ಓಡದ ಬೋರ್ಡು

ಶಾಮಣ್ಣ ಬಾಗಿಲು ತಳ್ಳಿಕೊಂಡು ಒಳಬಂದಾಗ ಟಿವಿ ಪರದೆಯ ತುಂಬ ಬಣ್ಣಬಣ್ಣದ ಚೌಕಗಳು ಅಲ್ಲಾಡದೆ ನಿಂತಿದ್ದವು. ಅವರು ಪರದೆ ನೋಡಿದರು, ತಮ್ಮನ ಮಗಳನ್ನು ನೋಡಿದರು. ಕೃತಿಕಾ ತಲೆಯೆತ್ತಲಿಲ್ಲ.

"ಇವತ್ತೂ ಇಲ್ಲ?"

"ಇಲ್ಲ ದೊಡ್ಡಪ್ಪ."

"ತರೀಕೆರೆಯವ್ರಿಗೆ ಏನಂತ ಹೇಳ್ಲಿ ನಾನು?"

ಉತ್ತರ ಬಂದದ್ದು ಬಾಗಿಲ ಹೊರಗಿನಿಂದ, ಅವಳ ತಾಯಿ ಶಾರದಾಂಬಾ ಅವರಿಂದ. "ಮಾಡ್ತಾಳೆ ಬಿಡಿ ಭಾವ. ಅವಳಿಗೂ ಆಸೆ ಇರಲ್ವಾ? ಬಾಯಿಬಿಟ್ಟು ಹೇಳಲ್ಲ, ಅಷ್ಟೆ."

ತರೀಕೆರೆಯವರು ಎಂದರೆ ಸ್ಕಂದ ಮತ್ತು ಅವನ ಮನೆಯವರು. ಸ್ಕಂದ ಅಲ್ಲಿ ಗೇಮ್ ಅಂಗಡಿ ತೆರೆಯುವವನಿದ್ದ. ಬೀರುವಿನಷ್ಟು ಎತ್ತರದ, ಕಾಸು ಹಾಕಿ ನಿಂತು ಆಡುವ ಹಳೆಯ ಮೆಷಿನ್‌ಗಳಿಗೆ ಮತ್ತೆ ಕಾಲ ಬಂದಿದೆ ಎಂದು ಅವನ ನಂಬಿಕೆ. ಅಂಥದೊಂದು ಯಾವುದೋ ಮುಚ್ಚಿದ ಟಾಕೀಸಿನಿಂದ ಬಂದು ಕಡೂರಿನಲ್ಲಿ ಶಾಮಣ್ಣನವರ ಹಿತ್ತಲಲ್ಲಿ ಧೂಳು ತಿನ್ನುತ್ತಿತ್ತು. ಹೆಣ್ಣು ನೋಡಲು ಬಂದವನು ಹೆಣ್ಣಿಗಿಂತ ಹೆಚ್ಚು ಹೊತ್ತು ಅದನ್ನೇ ನೋಡಿದ. ಮೆಷಿನ್ ಓಡಿಸಿ ಕೊಟ್ಟರೆ ಲಗ್ನಪತ್ರಿಕೆ ಬರೆಸೋಣ ಎಂದು ಅವನ ಕಡೆಯವರು ನಗುನಗುತ್ತಲೇ ಹೇಳಿದರು. ಹುಡುಗಿ ಎಲೆಕ್ಟ್ರಾನಿಕ್ಸ್ ಓದಿದವಳು, ಅವಳೇ ರಿಪೇರಿ ಮಾಡುತ್ತಾಳೆ ಎಂದು ಶಾಮಣ್ಣ ಕೂತಲ್ಲೇ ಒಪ್ಪಿಬಿಟ್ಟರು.

ಕೃತಿಕಾ ತಲೆ ತಗ್ಗಿಸಿ ಕೂತಿದ್ದಳು. ಎಲ್ಲರೂ ಅದನ್ನು ಒಪ್ಪಿಗೆ ಎಂದುಕೊಂಡರು. ಸ್ಕಂದನ ಮೊದಲ ಹೆಂಡತಿ ಅಜ್ಜಂಪುರದ ತವರಿಗೆ ಹೋದವಳು ಯಾಕೆ ಮರಳಲಿಲ್ಲ ಎಂದು ಯಾರೂ ಕೇಳಲಿಲ್ಲ. ತಂದೆಯಿಲ್ಲದ ಹುಡುಗಿ, ದೊಡ್ಡಪ್ಪನ ಮನೆಯ ಅನ್ನ. ಅಷ್ಟೆಲ್ಲ ಕೇಳುವ ಹಾಗಿರಲಿಲ್ಲ.

ಮೆಷಿನ್ನಿನ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡು ರಿಪೇರಿ ಮಾಡಲಾಗದು. ಆಟ ನಡೆಸುವ ಸರ್ಕ್ಯೂಟ್ ಬೋರ್ಡನ್ನು ಹೊರಗೆ ತೆಗೆದು ಮೇಜಿನ ಮೇಲೆಯೇ ಓಡಿಸಿ ನೋಡಲು ಒಂದು ಬೆಂಚು ಬೇಕು. ಅದನ್ನು ಕೃತಿಕಾ ಕಟ್ಟಿದಳು. ಕೆಟ್ಟ ಕಂಪ್ಯೂಟರಿನ ಪವರ್ ಸಪ್ಲೈ, ಅಟ್ಟದಿಂದಿಳಿಸಿದ ಡಬ್ಬಾ ಟಿವಿ, ಪ್ಲೈವುಡ್ ತುಂಡಿಗೆ ಬಿಗಿದ ಜಾಯ್‌ಸ್ಟಿಕ್ಕು, ನಾಲ್ಕಾರು ಗುಂಡಿ. ಎಲ್ಲದರ ತಂತಿಗಳೂ ಬೋರ್ಡಿನ ಅಂಚಿಗೆ ಸಿಕ್ಕಿಸುವ ಉದ್ದನೆಯ ಕನೆಕ್ಟರಿಗೆ ಬಂದು ಸೇರುತ್ತಿದ್ದವು. ಸ್ಪೀಕರ್ ಮಾತ್ರ ಹಾಕಲಿಲ್ಲ. ಮನೆಯವರಿಗೆ ಗಲಾಟೆ ಬೇಡ, ಇಯರ್‌ಫೋನ್ ಸಾಕು ಎಂದಳು.

ಆ ಕೋಣೆ ಮೊದಲು ಕೊಬ್ಬರಿ ತುಂಬುತ್ತಿದ್ದದ್ದು. ಕಿಟಕಿಯಿಲ್ಲ, ಮೇಲೊಂದು ಗಾಳಿಗಿಂಡಿ. ಗಮನ ಚದುರುತ್ತದೆ ಎಂದು ದೊಡ್ಡಪ್ಪ ಅವಳ ಮೊಬೈಲನ್ನೂ ಎತ್ತಿಟ್ಟಿದ್ದರು. ಬೆಳಗಿನ ತಿಂಡಿ ಮುಗಿಸಿ ಒಳಹೊಕ್ಕರೆ ದೀಪ ಹಚ್ಚುವ ಹೊತ್ತಿಗೇ ಹೊರಗೆ.

ಶಾರದಾಂಬಾ ದಿನವೂ ಆ ಕೋಣೆ ಗುಡಿಸಲು ಬರುತ್ತಿದ್ದರು. ಬೆಸುಗೆಯ ಹೊಗೆಗೆ ಮೂಗು ಮುಚ್ಚಿಕೊಂಡು ಗೊಣಗುವರು, ಗುಡಿಸಿದಲ್ಲೇ ಗುಡಿಸುವರು. ಬೇಗ ಮುಗಿಸಿಬಿಡೇ ಎಂದು ಹೇಳದೆ ಹೊರಗೆ ಹೋದವರಲ್ಲ. ಭಾವ ಹಿತ್ತಲ ಕಡೆ ತಿರುಗಿದರೆ ಸಾಕು, "ದೊಡ್ಡಪ್ಪ ಬಂದ್ರು ಕಣೇ, ಎದ್ ನಿಂತ್ಕೋ" ಎಂದು ಅಡುಗೆಮನೆಯಿಂದಲೇ ಕೂಗುವರು. ಆ ಮರ್ಯಾದೆ ಶಾಮಣ್ಣನವರಿಗೆ ಹಿತವಾಗಿತ್ತು.

ಸ್ಕಂದ ಫೋನು ಮಾಡಿದಾಗಲೆಲ್ಲ ಮೆಷಿನ್ನಿನ ಆರೋಗ್ಯ ವಿಚಾರಿಸುತ್ತಿದ್ದ. ಕೊನೆಗೆ ತಾಳ್ಮೆಗೆಟ್ಟು, ಹೇಳದೆ ಕೇಳದೆ ತನ್ನ ಮೆಕ್ಯಾನಿಕ್ ಮಹೇಂದ್ರನನ್ನು ಕಳಿಸಿದ. ಅವನು ನೋಡಿ ಓಡುತ್ತದೆ ಎಂದರೆ ಲಗ್ನ, ಇಲ್ಲವೆಂದರೆ ಇಲ್ಲ.

ಅವನು ಬಂದಾಗ ಕೃತಿಕಾ ಬಚ್ಚಲಲ್ಲಿದ್ದಳು. ಹೊರಗೆ ಗಂಡಸಿನ ದನಿ, ಅಮ್ಮನ ಉಪಚಾರ. ಕಾಫಿ ಆಗದೆ ಜಗಲಿಯಿಂದ ಏಳಬಾರದು ಎಂದು ಅಮ್ಮ ಪಟ್ಟು ಹಿಡಿದಿದ್ದರು. ಬೋರ್ಡು ನೋಡಲು ಬಂದವನು ಎಂದು ತಿಳಿದದ್ದೇ ಅವಳು ಒದ್ದೆ ಕೂದಲಲ್ಲೇ ಓಡಿಬಂದಳು. ಅಷ್ಟರಲ್ಲಿ ಶಾಮಣ್ಣ ಅವನನ್ನು ಬೆಂಚಿನ ಮುಂದೆ ನಿಲ್ಲಿಸಿಯಾಗಿತ್ತು.

ಅವಳು ಹೊಸ್ತಿಲಲ್ಲೇ ನಿಂತಳು.

ಬೋರ್ಡು ಎಂದೋ ಸರಿಹೋಗಿತ್ತು. ಬೆಂಚು ಕಟ್ಟಿದ ಕೆಲವೇ ದಿನಗಳಲ್ಲಿ ದೋಷ ಸಿಕ್ಕಿತ್ತು, ಬೆಸುಗೆಯೂ ಆಗಿತ್ತು. ಆಮೇಲಿನದೆಲ್ಲ ನಾಟಕ. ಒಬ್ಬಳೇ ಇದ್ದಾಗ ಓಡಿಸುವಳು. ಅಮ್ಮನ ಕೂಗು ಕೇಳಿದ್ದೇ ಸ್ವಿಚ್ ಆರಿಸಿ, ಒಂದು ಐಸಿ ಚಿಪ್ಪನ್ನು ಸಾಕೆಟ್ಟಿನಿಂದ ಎತ್ತಿ, ಅದರ ತಂತಿಯಂಥ ಕಾಲುಗಳಲ್ಲಿ ಒಂದನ್ನು ಒಳಕ್ಕೆ ಮಡಚಿ ಮತ್ತೆ ಕೂರಿಸಿ, ಸ್ವಿಚ್ ಹಾಕುವಳು. ಮೇಲಿಂದ ನೋಡಿದವರಿಗೆ ಏನೂ ಕಾಣದು. ಪರದೆಯಲ್ಲಿ ಬರೀ ಚೌಕಗಳು. ಇವತ್ತು ಮಾತ್ರ ಎಲ್ಲ ಕಾಲನ್ನೂ ನೆಟ್ಟಗಿಟ್ಟು, ಸ್ವಿಚ್ ಆರಿಸಿ, ಸ್ನಾನಕ್ಕೆ ಎದ್ದುಹೋಗಿದ್ದಳು.

ಮಹೇಂದ್ರ ಸ್ವಿಚ್ ಒತ್ತಿದ. ಕೃತಿಕಾ ಕಣ್ಣು ಮುಚ್ಚಿಕೊಂಡಳು.

"ಹಿಂಗೇನಾ ಬರೋದು?" ಎಂದ ಅವನು.

ಕಣ್ಣು ಬಿಟ್ಟಳು. ಪರದೆಯ ತುಂಬ ಚೌಕಗಳು.

ಅವನು ಮೀಟರ್ ಹಿಡಿದು ವೋಲ್ಟೇಜ್ ನೋಡಿದ. ಐಸಿಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿದ. ಆರಿಸಿದ, ಹಾಕಿದ. ಚೌಕಗಳು ಕದಲಲಿಲ್ಲ.

"ಬೆಂಚು ಚೆನ್ನಾಗ್ ಕಟ್ಟವ್ರೆ ಸಾರ್. ಪವರೂ ಸರಿಯಾಗೇ ಬತ್ತಾ ಐತೆ. ಬೋರ್ಡೇ ಹೋಗೈತೆ. ಇದನ್ನ ನಂಬ್ಕೊಂಡು ಕೂರ್ಬೇಡಿ."

ಅಲ್ಲಿಂದಲೇ ಸ್ಕಂದನಿಗೆ ಫೋನು ಹೋಯಿತು. ಫೋನು ಶಾಮಣ್ಣನವರ ಕೈಗೆ ಬಂತು. ಮೆಷಿನ್ ಬಿಟ್ಟು ಬರೀ ಹುಡುಗಿಯನ್ನಾದರೂ ಎಂದು ಅವರು ಶುರುಮಾಡಿದರು, ನಡುವೆ ನಿಲ್ಲಿಸಿದರು, ಆಮೇಲೆ ಬರೀ ಹೂಂಗುಟ್ಟಿದರು. ಋಣ ಇರಲಿಲ್ಲ ಎಂದು ಗೋಡೆಗೆ ಹೇಳಿ, ಮಹೇಂದ್ರನ ಹಿಂದೆಯೇ ಹೊರಟುಹೋದರು.

ಕೃತಿಕಾ ಆ ಐಸಿಯನ್ನು ಎತ್ತಿದಳು. ಒಂದು ಕಾಲಲ್ಲ, ಒಂದು ಪಕ್ಕದ ಇಡೀ ಸಾಲೇ ಒರಟೊರಟಾಗಿ ಒಳಕ್ಕೆ ಮಡಚಿಕೊಂಡಿತ್ತು. ತಿರುಗಿ ನೋಡಿದಳು. ಬಾಗಿಲಲ್ಲಿ ಅಮ್ಮ ನಿಂತಿದ್ದರು, ಕೈಯಲ್ಲಿ ಖಾಲಿ ಕಾಫಿ ಲೋಟಗಳು.

"ದಿನಾ ನೋಡಿದ್ರೂ, ನಿನ್ನ ಹಂಗೆ ಒಂದೇ ಕಾಲು ಮಡಚೋಕೆ ನಂಗೆ ಬರ್ಲಿಲ್ಲ ಕಣೇ."